ಶಿಶುವಿಹಾರದ ದಿನನಿತ್ಯದ ಚಟುವಟಿಕೆಗಳು: ಆಟದೊಳಗಿನ ಕಲಿಕೆಯನ್ನು ಗುರುತಿಸುವುದು ಹೇಗೆ?

ಪ್ರಶ್ನೆ (ಹೊಸದಾಗಿ ತರಗತಿಯ ಹೊಣೆ ಹೊತ್ತ ಶಿಕ್ಷಕಿ)

ಎಲ್ಲರಿಗೂ ನಮಸ್ಕಾರ. ನಾಲ್ಕರಿಂದ ಐದು ವರ್ಷದ ಮಕ್ಕಳಿರುವ ಶಿಶುವಿಹಾರದ ತರಗತಿಯೊಂದನ್ನು ಈ ವರ್ಷ ನನಗೆ ವಹಿಸಿದ್ದಾರೆ. ಕೋಣೆಯಲ್ಲಿ ಮರದ ತುಂಡುಗಳು, ಮರಳಿನ ತೊಟ್ಟಿ, ಪೋಣಿಸುವ ಮಣಿಗಳು, ಜೇಡಿಮಣ್ಣು, ಚಿತ್ರಪುಸ್ತಕಗಳು, ಮನೆಯಾಟದ ಸಾಮಾನುಗಳು ಎಲ್ಲವೂ ಇವೆ. ಬೆಳಿಗ್ಗೆ ಮಕ್ಕಳನ್ನು ಸುತ್ತಲೂ ಕೂರಿಸಿ ಹಾಡು, ಹಾಜರಿ, ವಾರ-ತಿಂಗಳುಗಳ ಮಾತು. ಬಳಿಕ ಅಕ್ಷರ ತಿದ್ದುವ ಹಾಳೆ ಮತ್ತು ಅಂಕಿ ತುಂಬುವ ಹಾಳೆ. ಉಳಿದ ಹೊತ್ತಿನಲ್ಲಿ ಆಟ. ನನ್ನ ಕೈಗೆ ಬಂದ ದಿನಚರಿ ಇದು.

ಮಕ್ಕಳು ಆಟದ ಹೊತ್ತಿನಲ್ಲಿ ಎಷ್ಟು ತನ್ಮಯರಾಗಿರುತ್ತಾರೋ ಹಾಳೆಗಳ ಹೊತ್ತಿನಲ್ಲಿ ಅಷ್ಟೇ ಚಡಪಡಿಸುತ್ತಾರೆ. ಆದರೆ ಪಾಲಕರು ಸಂಜೆ ಕೇಳುವುದು ಹಾಳೆಯನ್ನೇ. ಅದು ಕಣ್ಣಿಗೆ ಕಾಣುವ ದಾಖಲೆ. ಮರಳಿನಲ್ಲಿ ಆಡಿದ ಮಗು ಏನು ಕಲಿಯಿತು ಎಂದು ಕೇಳಿದರೆ, ಏನೋ ಕಲಿತಿದೆ ಎಂಬ ನಂಬಿಕೆ ನನಗಿದ್ದರೂ ಅದನ್ನು ಖಚಿತವಾದ ಮಾತುಗಳಲ್ಲಿ ಹೇಳಲು ಆಗುತ್ತಿಲ್ಲ. ಆದ್ದರಿಂದ ಅನುಭವಿಗಳಲ್ಲಿ ನನ್ನ ವಿನಂತಿ: ದಿನನಿತ್ಯದ ಈ ಚಟುವಟಿಕೆಗಳಲ್ಲಿ ಯಾವುದರಿಂದ ಯಾವ ಕಲಿಕೆ ಆಗುತ್ತದೆ ಎಂಬುದನ್ನು ದಯವಿಟ್ಟು ವಿವರಿಸಿ. ತಿದ್ದುವ ಹಾಳೆಗಳನ್ನು ಕಡಿಮೆ ಮಾಡಿದರೆ ಬರವಣಿಗೆ ಹಿಂದೆ ಬೀಳುತ್ತದೆಯೇ? ಪ್ರತಿದಿನವೂ ಹೊಸ ಚಟುವಟಿಕೆಯನ್ನು ಸಿದ್ಧಪಡಿಸಬೇಕೇ, ಅಥವಾ ಇದ್ದವನ್ನೇ ಮುಂದುವರಿಸಬಹುದೇ?

ಉತ್ತರ 1 (ಶಿಶುವಿಹಾರದ ಹಿರಿಯ ಶಿಕ್ಷಕಿ)

ಮೇಡಂ, ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಹೊಸ ಶಿಕ್ಷಕಿಯರ ಶಕ್ತಿಯೆಲ್ಲ ಅಲ್ಲಿಯೇ ವ್ಯಯವಾಗುತ್ತದೆ. ದಿನಕ್ಕೊಂದು ಹೊಸ ಚಟುವಟಿಕೆ ಬೇಡ. ಒಂದೇ ಮರದ ತುಂಡುಗಳೊಡನೆ ಮಗು ಜೂನ್‌ನಲ್ಲಿ ಆಡುವ ಆಟವೇ ಬೇರೆ, ಡಿಸೆಂಬರಿನಲ್ಲಿ ಆಡುವ ಆಟವೇ ಬೇರೆ. ಸಾಮಗ್ರಿ ಬದಲಾಗದೆ ಉಳಿದರೆ ಮಾತ್ರ ಮಗುವಿನಲ್ಲಿ ಆದ ಬದಲಾವಣೆ ನಮಗೆ ಕಾಣುತ್ತದೆ.

ಆಟದ ಸಾಮಾನನ್ನೇ ಪಾಠವಾಗಿ ಮಕ್ಕಳ ಮುಂದಿಡುವುದು ಇತ್ತೀಚಿನ ಪ್ರಯೋಗವೇನಲ್ಲ. ಜರ್ಮನಿಯ ಬಾಡ್ ಬ್ಲಾಂಕೆನ್‌ಬುರ್ಗ್‌ನಲ್ಲಿ ಫ್ರೀಡ್ರಿಕ್ ಫ್ರೋಬೆಲ್ 1837ರಲ್ಲಿ ಚಿಕ್ಕ ಮಕ್ಕಳಿಗಾಗಿ ಆರಂಭಿಸಿದ ಸಂಸ್ಥೆಯೇ 1840ರಲ್ಲಿ ಕಿಂಡರ್‌ಗಾರ್ಟನ್ ಎಂಬ ಹೆಸರನ್ನು ಪಡೆಯಿತು. ಅಲ್ಲಿಯ ಮಕ್ಕಳ ಕೈಗೆ ಕೊಟ್ಟದ್ದು ಬಣ್ಣದ ನೂಲಿನ ಚೆಂಡುಗಳು, ಮರದ ಗೋಳ, ಸಿಲಿಂಡರ್, ಘನ, ಮತ್ತು ಎಂಟು ಪುಟ್ಟ ಘನಗಳಾಗಿ ಬಿಡಿಸಿ ಮತ್ತೆ ಕೂಡಿಸಬಹುದಾದ ಒಂದು ದೊಡ್ಡ ಘನ. ಇಡಿಯಾದದ್ದು ಭಾಗಗಳಾಗುತ್ತದೆ, ಭಾಗಗಳು ಸೇರಿ ಪುನಃ ಇಡಿಯಾಗುತ್ತದೆ ಎಂಬುದನ್ನು ಬಾಯಲ್ಲಿ ಹೇಳದೆಯೇ ಕೈಗೆ ತಿಳಿಸುವ ವಸ್ತು ಅದು. ಇಂದು ಅನೇಕ ಶಿಶುವಿಹಾರಗಳಲ್ಲಿರುವ ಮರದ ತುಂಡುಗಳ ದಪ್ಪ, ಅಗಲ, ಉದ್ದಗಳು 1:2:4 ಅನುಪಾತದಲ್ಲಿರುವುದು ಇದೇ ಕಾರಣಕ್ಕೆ. ಉದ್ದನೆಯ ತುಂಡು ಮುಗಿದುಹೋದಾಗ ಎರಡು ಚಿಕ್ಕವನ್ನು ಜೋಡಿಸಿ ಸೇತುವೆಗೆ ಸಮ ಮಾಡುವ ಮಗು ಅರ್ಧ ಮತ್ತು ಇಮ್ಮಡಿಗಳ ಲೆಕ್ಕವನ್ನು ಕೈಯಾರೆ ಮಾಡುತ್ತಿರುತ್ತದೆ. ಈ ಕಟ್ಟುವ ಆಟಕ್ಕೊಂದು ಕ್ರಮವೂ ಇದೆ. ಮೊದಲು ಮಗು ತುಂಡುಗಳನ್ನು ಸುಮ್ಮನೆ ಹೊತ್ತು ತಿರುಗುತ್ತದೆ. ಆಮೇಲೆ ಒಂದರ ಮೇಲೊಂದು ಪೇರಿಸುತ್ತದೆ ಅಥವಾ ಸಾಲಾಗಿ ಇಡುತ್ತದೆ. ಅನಂತರ ಎರಡು ಕಂಬಗಳ ಮೇಲೆ ಅಡ್ಡ ತುಂಡನ್ನಿಟ್ಟು ಸೇತುವೆ ಮಾಡುತ್ತದೆ. ಮುಂದೆ ಸುತ್ತುವರಿದ ಆವರಣವನ್ನು ಕಟ್ಟುತ್ತದೆ. ಎರಡು ಬದಿಯೂ ಒಂದೇ ತೆರನಾಗಿರುವ ವಿನ್ಯಾಸಗಳು ಬರುತ್ತವೆ. ಕಡೆಗೆ ತಾನು ಕಂಡ ಊರನ್ನೋ ಮನೆಯನ್ನೋ ಕಟ್ಟಿ ಹೆಸರಿಟ್ಟು ಅದರೊಳಗೆ ಕಥೆ ನಡೆಸುತ್ತದೆ. ಈ ಕ್ರಮವನ್ನು ಅರಿತ ಶಿಕ್ಷಕಿಗೆ ‘ಈ ಮಗು ಈಗ ಆವರಣ ಕಟ್ಟುವ ಹಂತದಲ್ಲಿದೆ’ ಎಂದು ಪಾಲಕರಿಗೆ ಹೇಳಲು ಸಾಧ್ಯ. ನೀವು ಅರಸುತ್ತಿರುವ ಖಚಿತ ಮಾತುಗಳು ಇಂಥವೇ.

ಎಣಿಕೆಯ ವಿಷಯದಲ್ಲಿ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ. ಅಂಕಿ ಹಾಳೆಗಳ ಮೇಲಿನ ಅತಿಯಾದ ಭರವಸೆಯಿಂದ ಅತಿ ಹೆಚ್ಚು ನಷ್ಟವಾಗುವುದು ಇಲ್ಲಿಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಒಂದರಿಂದ ಇಪ್ಪತ್ತರವರೆಗೆ ಹೇಳುವ ಮಗುವಿಗೆ ಇಪ್ಪತ್ತರವರೆಗೆ ಎಣಿಸಲು ಬರುತ್ತದೆ ಎಂದು ನಾವು ಭಾವಿಸುತ್ತೇವೆ. ಆ ಮಗುವಿಗೆ ಮಣಿಗಳ ಬಟ್ಟಲನ್ನು ತೋರಿಸಿ ‘ಐದು ಮಣಿ ಕೊಡು’ ಎಂದು ಕೇಳಿನೋಡಿ. ಕೆಲವು ಮಕ್ಕಳು ಒಂದು ಹಿಡಿ ತೆಗೆದು ಕೊಟ್ಟುಬಿಡುತ್ತಾರೆ. ಸಾಲು ಬಾಯಿಗೆ ಬಂದಿದೆ, ಪ್ರಮಾಣ ಮನಸ್ಸಿಗೆ ಬಂದಿಲ್ಲ. ರೋಷೆಲ್ ಗೆಲ್ಮನ್ ಮತ್ತು ಗ್ಯಾಲಿಸ್ಟಲ್ ಎಂಬ ಸಂಶೋಧಕರು 1978ರಲ್ಲಿ ಎಣಿಕೆಯ ಹಿಂದಿರುವ ಐದು ತತ್ತ್ವಗಳನ್ನು ವಿವರಿಸಿದರು. ಒಂದು ವಸ್ತುವಿಗೆ ಒಂದೇ ಸಂಖ್ಯೆ. ಸಂಖ್ಯೆಗಳ ಸಾಲು ಎಂದಿಗೂ ಬದಲಾಗದು. ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಎಷ್ಟು ಎಂಬುದಕ್ಕೆ ಉತ್ತರ. ಯಾವುದನ್ನು ಬೇಕಾದರೂ ಎಣಿಸಬಹುದು. ಯಾವ ತುದಿಯಿಂದ ಎಣಿಸಿದರೂ ಮೊತ್ತ ಅದೇ. ಇವುಗಳಲ್ಲಿ ಯಾವುದನ್ನೂ ಅಂಕಿಯ ಆಕಾರವನ್ನು ತಿದ್ದುವುದರಿಂದ ಕಲಿಯಲಾಗದು. ಹಾಜರಾದ ಮಕ್ಕಳಿಗೆ ಲೋಟಗಳನ್ನು ಹಂಚುವ ಕೆಲಸವನ್ನು ದಿನಕ್ಕೊಬ್ಬರಿಗೆ ವಹಿಸಿ. ಒಬ್ಬರಿಗೆ ಒಂದು ಲೋಟ ಎಂಬಲ್ಲಿ ಮೊದಲನೆಯ ತತ್ತ್ವವಿದೆ. ಒಂದು ಲೋಟ ಉಳಿದರೆ ಏಕೆ ಉಳಿಯಿತು ಎಂಬ ವಿಚಾರಣೆಯಲ್ಲಿ ವ್ಯವಕಲನದ ಮೊಳಕೆಯಿದೆ. ಎಣಿಸಿ ಮುಗಿಸಿದ ಮಗುವನ್ನು ‘ಹಾಗಾದರೆ ಒಟ್ಟು ಎಷ್ಟು?’ ಎಂದು ಕೇಳಿ. ಮಗು ಉತ್ತರ ಕೊಡುವ ಬದಲು ಮತ್ತೆ ಒಂದರಿಂದ ಎಣಿಸತೊಡಗಿದರೆ, ಕೊನೆಯ ಸಂಖ್ಯೆಯೇ ಉತ್ತರ ಎಂಬ ಅರಿವು ಇನ್ನೂ ಮೂಡಿಲ್ಲ ಎಂದರ್ಥ. ಆಗ ನಾವೇ ಎಣಿಸಿ, ಕೊನೆಯ ಸಂಖ್ಯೆಯನ್ನು ಸ್ವಲ್ಪ ಒತ್ತಿ ಹೇಳಿ, ಕೈಯಿಂದ ಇಡೀ ಗುಂಪನ್ನು ಸುತ್ತುವರಿದು ತೋರಿಸಿದರೆ ಸಾಕು. ಎರಡು ಸಮ ಸಾಲುಗಳಲ್ಲಿ ಒಂದನ್ನು ಅಗಲವಾಗಿ ಹರಡಿದರೆ ಅದರಲ್ಲಿಯೇ ಹೆಚ್ಚು ಬಿಲ್ಲೆಗಳಿವೆ ಎಂದು ಈ ವಯಸ್ಸಿನ ಅನೇಕ ಮಕ್ಕಳು ಹೇಳುತ್ತಾರೆ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಬಹಳ ಹಿಂದೆಯೇ ಗಮನಿಸಿದ ಸಂಗತಿಯಿದು. ಇದನ್ನು ತಪ್ಪೆಂದು ತಿದ್ದಲು ಅವಸರಪಡಬೇಡಿ, ಹರಡುವ ಮತ್ತು ಜೋಡಿಸುವ ಆಟವನ್ನು ಮುಂದುವರಿಸಿ.

ಬೆಳಗಿನ ಸುತ್ತು ಕೂರುವ ಹೊತ್ತನ್ನು ಕಿರಿದುಗೊಳಿಸಿ ಎಂಬುದು ನನ್ನ ಸಲಹೆ. ತಿಂಗಳು, ವಾರ, ತಾರೀಖುಗಳನ್ನು ನಿತ್ಯವೂ ಒಪ್ಪಿಸುವುದರಿಂದ ನಾಲ್ಕು ವರ್ಷದ ಮಗುವಿಗೆ ಕಾಲದ ಅಳತೆ ಸಿಗುವುದಿಲ್ಲ. ಇಂದು ಮೊದಲು ಏನು, ಆಮೇಲೆ ಏನು ಎಂಬ ಚಿತ್ರಪಟ್ಟಿ ಅದಕ್ಕಿಂತ ಹೆಚ್ಚು ಉಪಯುಕ್ತ. ಹಾಜರಿಯನ್ನು ನೀವು ಕರೆಯುವ ಬದಲು, ಬಾಗಿಲ ಬಳಿ ಇಟ್ಟ ಹೆಸರಿನ ಚೀಟಿಗಳಲ್ಲಿ ತನ್ನದನ್ನು ಹುಡುಕಿ ಹಲಗೆಗೆ ಸಿಕ್ಕಿಸುವ ಕೆಲಸವನ್ನು ಮಕ್ಕಳಿಗೇ ಬಿಡಿ. ತನ್ನ ಹೆಸರು ಮಗುವಿಗೆ ಅತ್ಯಂತ ಪ್ರಿಯವಾದ ಬರಹ. ಓದು ಅಲ್ಲಿಂದಲೇ ಶುರುವಾಗಲಿ.

ಉತ್ತರ 2 (ಮಕ್ಕಳ ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ದಿನನಿತ್ಯದ ಕೆಲಸಗಳಿಗೆ ಬೇಕಾದ ಕೈ-ಮೈಗಳ ಕೌಶಲಕ್ಕೆ ನೆರವಾಗುವ ಚಿಕಿತ್ಸಕರು)

ಬರವಣಿಗೆ ಹಿಂದೆ ಬೀಳುತ್ತದೆಯೇ ಎಂಬ ಪ್ರಶ್ನೆಗಷ್ಟೇ ನಾನು ಉತ್ತರಿಸುತ್ತೇನೆ. ಅದು ನನ್ನ ವೃತ್ತಿಗೆ ಹತ್ತಿರವಾದದ್ದು.

ಬರೆಯುವ ಕೈ ಬೆರಳಿನಿಂದ ಶುರುವಾಗುವುದಿಲ್ಲ, ಭುಜದಿಂದ ಶುರುವಾಗುತ್ತದೆ. ಭುಜ ಮತ್ತು ಮೊಣಕೈ ಸ್ಥಿರವಾಗಿ ನಿಂತರೆ ಮಾತ್ರ ಮಣಿಕಟ್ಟು ತಿರುಗುತ್ತದೆ, ಮಣಿಕಟ್ಟು ಹದಕ್ಕೆ ಬಂದರೆ ಮಾತ್ರ ಬೆರಳುಗಳು ಸೂಕ್ಷ್ಮವಾಗಿ ಆಡುತ್ತವೆ. ವಯಸ್ಕರ ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳಿವೆ. ಹುಟ್ಟಿದ ಮಗುವಿನಲ್ಲಿ ಇವು ಇನ್ನೂ ಮೃದ್ವಸ್ಥಿಯಾಗಿಯೇ ಇದ್ದು, ಒಂದೊಂದಾಗಿ ಗಟ್ಟಿಯಾಗತೊಡಗುತ್ತವೆ. ಕೊನೆಯದು ಆ ಹಂತಕ್ಕೆ ಬರುವ ಹೊತ್ತಿಗೆ ಮಗು ಶಿಶುವಿಹಾರವನ್ನು ಬಿಟ್ಟು ವರ್ಷಗಳೇ ಆಗಿರುತ್ತವೆ. ಹಾಗೆಂದು ಮೂಳೆ ಗಟ್ಟಿಯಾಗುವವರೆಗೆ ಬರೆಯಬಾರದು ಎಂದಲ್ಲ. ದೀರ್ಘಕಾಲ ಒಂದೇ ಭಂಗಿಯಲ್ಲಿ ಪೆನ್ಸಿಲನ್ನು ಬಿಗಿಹಿಡಿದು ಪುಟಗಟ್ಟಲೆ ತಿದ್ದುವ ಶ್ರಮಕ್ಕೆ ಆ ಕೈ ಇನ್ನೂ ಸಿದ್ಧವಾಗಿಲ್ಲ ಎಂಬುದನ್ನಷ್ಟೇ ನೆನಪಿಡಬೇಕು.

ನಿಮ್ಮ ಕೋಣೆಯಲ್ಲಿರುವ ಸಾಮಗ್ರಿಗಳೇ ಈ ಸಿದ್ಧತೆಗೆ ಸಾಕು. ಜೇಡಿಮಣ್ಣನ್ನು ಹಿಸುಕುವಾಗ ಅಂಗೈಯ ಸ್ನಾಯುಗಳು ಬಲಗೊಳ್ಳುತ್ತವೆ. ಮಣಿ ಪೋಣಿಸುವಾಗ ಹೆಬ್ಬೆರಳು, ತೋರುಬೆರಳುಗಳು ಎದುರುಬದುರಾಗಿ ಕೆಲಸ ಮಾಡಲು ಕಲಿಯುತ್ತವೆ, ಜೊತೆಗೆ ಒಂದು ಕೈ ಹಿಡಿದುಕೊಳ್ಳುವುದು ಇನ್ನೊಂದು ಕೈ ಚಲಿಸುವುದು ಎಂಬ ಕೆಲಸದ ಹಂಚಿಕೆ ರೂಢಿಯಾಗುತ್ತದೆ. ಕಾಗದವನ್ನು ಗೋಡೆಗೆ ಅಂಟಿಸಿ ನಿಂತು ಬಣ್ಣ ಹಚ್ಚಲು ಬಿಟ್ಟರೆ ಮಣಿಕಟ್ಟು ತಾನಾಗಿಯೇ ಬರವಣಿಗೆಗೆ ಬೇಕಾದಂತೆ ಹಿಂದಕ್ಕೆ ಬಾಗುತ್ತದೆ. ಉದ್ದನೆಯ ಪೆನ್ಸಿಲಿಗಿಂತ ಗಿಡ್ಡ ಕ್ರೇಯಾನ್ ತುಂಡುಗಳನ್ನು ಕೊಡಿ: ಇಡೀ ಮುಷ್ಟಿಯಿಂದ ಹಿಡಿಯಲು ಅಲ್ಲಿ ಜಾಗವೇ ಇಲ್ಲದ ಕಾರಣ ಮೂರು ಬೆರಳುಗಳ ಹಿಡಿತ ಬೇಗ ಬರುತ್ತದೆ.

ಆಕಾರಗಳಿಗೂ ಒಂದು ಕ್ರಮವಿದೆ. ನಿಂತ ಗೆರೆ ಮತ್ತು ಮಲಗಿದ ಗೆರೆಯನ್ನು ಮಗು ಮೊದಲು ನಕಲಿಸುತ್ತದೆ. ಸುಮಾರು ಮೂರು ವರ್ಷಕ್ಕೆ ವೃತ್ತ, ನಾಲ್ಕರ ಆಸುಪಾಸಿನಲ್ಲಿ ಕೂಡಿಸುವ ಚಿಹ್ನೆಯಂಥ ಅಡ್ಡಗೆರೆಗಳು, ಆಮೇಲೆ ಚೌಕ, ಐದರ ಹೊತ್ತಿಗೆ ತ್ರಿಕೋನ. ಓರೆಗೆರೆ ತಡವಾಗಿಯೇ ಬರುತ್ತದೆ. ಚೌಕವನ್ನು ನೋಡಿ ಬರೆಯಲಾಗದ ಮಗುವಿಗೆ ಹೆಚ್ಚು ತಿರುವುಗಳಿರುವ ಅಕ್ಷರವನ್ನು ತಿದ್ದಲು ಕೊಟ್ಟರೆ, ಅದು ಚುಕ್ಕೆಗಳನ್ನು ಮುಟ್ಟುತ್ತಾ ಹೋಗುತ್ತದೆಯೇ ವಿನಾ ಅಕ್ಷರದ ಚಲನೆಯನ್ನು ಕಲಿಯುವುದಿಲ್ಲ. ರೋಮ್‌ನಲ್ಲಿ 1907ರಲ್ಲಿ ತಮ್ಮ ಮೊದಲ ಮಕ್ಕಳ ಮನೆಯನ್ನು ತೆರೆದ ಮರಿಯಾ ಮಾಂಟೆಸ್ಸರಿಯವರು ಮರಳು ಕಾಗದದಲ್ಲಿ ಕತ್ತರಿಸಿದ ಅಕ್ಷರಗಳನ್ನು ಬೆರಳಿನಿಂದ ಸವರುವ, ಸವರುತ್ತಲೇ ಅದರ ಧ್ವನಿಯನ್ನು ಹೇಳುವ ಕ್ರಮವನ್ನು ಬಳಕೆಗೆ ತಂದರು. ನಿಮ್ಮಲ್ಲಿ ಮರಳು ಇದೆಯಲ್ಲ, ಅದನ್ನು ತಟ್ಟೆಯಲ್ಲಿ ತೆಳ್ಳಗೆ ಹರಡಿ ಬೆರಳಿನಿಂದ ಬರೆಯಿಸಿ. ತಪ್ಪಾದರೆ ಒಮ್ಮೆ ಅಲುಗಾಡಿಸಿದರೆ ಅಳಿಸಿಹೋಗುತ್ತದೆ. ಈ ನಿರ್ಭಯ ಕಾಗದದ ಮೇಲೆ ಸಿಗುವುದಿಲ್ಲ.

ಎಡಗೈ ಬಳಸುವ ಮಕ್ಕಳನ್ನು ಬಲಗೈಗೆ ತಿರುಗಿಸಲು ಯಾರೂ ಪ್ರಯತ್ನಿಸದಂತೆ ನೋಡಿಕೊಳ್ಳಿ. ಅವರಿಗೆ ಎಡಗೈಯ ಕತ್ತರಿಯನ್ನೇ ತರಿಸಿಕೊಡಿ. ಸಾಮಾನ್ಯ ಕತ್ತರಿಯ ಮೇಲಿನ ಅಲಗು ಕತ್ತರಿಸುವ ಗೆರೆಯನ್ನು ಎಡಗೈ ಮಕ್ಕಳ ಕಣ್ಣಿಗೆ ಮರೆಮಾಡುತ್ತದೆ.

ಉತ್ತರ 3 (ಒಬ್ಬ ಮಗುವಿನ ತಂದೆ)

ಪಾಲಕನಾಗಿ ಒಂದು ಮಾತನ್ನು ಸೇರಿಸಲು ಅನುಮತಿ ಕೋರುತ್ತೇನೆ. ನಾವು ಹಾಳೆಯನ್ನು ಕೇಳುವುದು ಹಾಳೆಯ ಮೇಲಿನ ಪ್ರೀತಿಯಿಂದಲ್ಲ. ಇಡೀ ಬೆಳಗನ್ನು ನಮ್ಮಿಂದ ದೂರ ಕಳೆದ ಮಗುವಿನ ಬಗ್ಗೆ ತಿಳಿಯಲು ನಮಗೆ ಬೇರೆ ದಾರಿ ಇರುವುದಿಲ್ಲ, ‘ಏನು ಮಾಡಿದೆ?’ ಎಂದು ಕೇಳಿದರೆ ನಾಲ್ಕು ವರ್ಷದ ಮಗು ‘ಆಟ ಆಡಿದೆ’ ಎನ್ನುತ್ತದೆ, ಅಲ್ಲಿಗೆ ಮಾತು ನಿಲ್ಲುತ್ತದೆ.

ನನ್ನ ಮಗಳ ಶಿಕ್ಷಕಿ ಆಗಾಗ ಎರಡು ಸಾಲಿನ ಟಿಪ್ಪಣಿಯನ್ನು ಕಳುಹಿಸುತ್ತಿದ್ದರು. ‘ಇಂದು ನೀರಿನ ತೊಟ್ಟಿಯಲ್ಲಿ ಎತ್ತರದ ಬಾಟಲಿಯಿಂದ ಅಗಲವಾದ ಪಾತ್ರೆಗೆ ನೀರು ಸುರಿದು, ನೀರು ಕಡಿಮೆಯಾಯಿತೇ ಎಂದು ಕೇಳಿದಳು, ಮತ್ತೆ ಬಾಟಲಿಗೆ ಸುರಿದು ತಾನೇ ಪರೀಕ್ಷಿಸಿದಳು’ ಎಂಬಂಥ ಬರಹ. ಅದನ್ನು ಓದಿದ ಸಂಜೆ ಮನೆಯಲ್ಲಿಯೂ ಅದೇ ವಿಷಯವಾಗಿ ಮಗಳೊಡನೆ ಮಾತನಾಡಲು ನಮಗೆ ಸಾಧ್ಯವಾಯಿತು. ಅಂಥ ಟಿಪ್ಪಣಿಗಳು ಬರತೊಡಗಿದ ಮೇಲೆ ನಾವು ಹಾಳೆಗಳನ್ನು ಕೇಳುವುದನ್ನು ನಿಲ್ಲಿಸಿದೆವು. ಎಲ್ಲ ಮಕ್ಕಳಿಗೂ ದಿನವೂ ಬರೆಯಲು ಆಗದಿರುವುದು ಸಹಜ. ಸರದಿಯ ಮೇಲೆ ಬರೆದರೂ ಪಾಲಕರಿಗೆ ಅದು ಬಹಳ ದೊಡ್ಡ ಕೊಡುಗೆ. ಟಿಪ್ಪಣಿಯಲ್ಲಿ ‘ಚೆನ್ನಾಗಿ ಆಡಿದಳು’ ಎಂಬ ಹೊಗಳಿಕೆಗಿಂತ ಮಗು ಏನು ಮಾಡಿತು, ಏನು ಹೇಳಿತು ಎಂಬ ವಿವರವೇ ಇರಲಿ ಎಂದು ಕೋರುತ್ತೇನೆ.

ಮರುಪ್ರಶ್ನೆ (ಪ್ರಶ್ನೆ ಕೇಳಿದ ಶಿಕ್ಷಕಿ)

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಲೋಟ ಹಂಚುವ ಕೆಲಸವನ್ನೂ ಹೆಸರಿನ ಚೀಟಿಗಳನ್ನೂ ಸೋಮವಾರದಿಂದಲೇ ಆರಂಭಿಸುತ್ತೇನೆ. ಇನ್ನೆರಡು ಸಂದೇಹಗಳಿವೆ. ಮಕ್ಕಳು ಒಂದೇ ಕಥೆಯನ್ನು ಮತ್ತೆ ಮತ್ತೆ ಓದಲು ಕೇಳುತ್ತಾರೆ. ಒಪ್ಪಬೇಕೇ, ಅಥವಾ ಹೊಸ ಪುಸ್ತಕಕ್ಕೆ ಒಲಿಸಬೇಕೇ? ಮತ್ತೊಂದು, ತರಗತಿಯಲ್ಲಿ ಒಬ್ಬ ಹುಡುಗ ಯಾವ ಆಟಕ್ಕೂ ಸೇರುವುದಿಲ್ಲ. ಮನೆಯಾಟ ನಡೆಯುವಲ್ಲಿ ನಿಂತು ನೋಡುತ್ತಿರುತ್ತಾನೆ. ಅವನನ್ನು ಕೈಹಿಡಿದು ಗುಂಪಿಗೆ ಸೇರಿಸಬೇಕೇ?

ಉತ್ತರ 4 (ಶಿಕ್ಷಕರ ತರಬೇತುದಾರರು)

ಕಥೆಯ ವಿಷಯ ಮೊದಲು. ಸಂತೋಷದಿಂದ ಒಪ್ಪಿಕೊಳ್ಳಿ. ಮೊದಲ ಸಲ ಕೇಳುವಾಗ ಮಗುವಿನ ಗಮನವೆಲ್ಲ ಮುಂದೇನಾಗುತ್ತದೆ ಎಂಬುದರ ಮೇಲಿರುತ್ತದೆ. ಕಥೆಯ ಜಾಡು ತಿಳಿದ ಮೇಲೆ ಪದಗಳ ಕಡೆಗೆ, ಪಾತ್ರಗಳ ಮನಸ್ಸಿನ ಕಡೆಗೆ, ಚಿತ್ರದ ಮೂಲೆಯಲ್ಲಿರುವ ಸಂಗತಿಗಳ ಕಡೆಗೆ ಅದು ಹರಿಯುತ್ತದೆ. ಪ್ರತಿ ಓದಿನಲ್ಲಿಯೂ ನಿಮ್ಮ ಪಾತ್ರ ಸ್ವಲ್ಪ ಕುಗ್ಗಿ ಮಕ್ಕಳ ಪಾತ್ರ ಹಿಗ್ಗಲಿ. 1988ರಲ್ಲಿ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು ಸಂವಾದದ ಓದು ಎಂಬ ಕ್ರಮದ ಅಧ್ಯಯನವನ್ನು ಪ್ರಕಟಿಸಿದರು. ಪಾಲಕರು ಓದುತ್ತಾ ಹೋಗುವ ಬದಲು ಪ್ರಶ್ನೆ ಕೇಳಿ, ಮಗುವಿನ ಉತ್ತರವನ್ನು ಒಂದೆರಡು ಪದಗಳಿಂದ ವಿಸ್ತರಿಸಿ, ಕ್ರಮೇಣ ಮಗುವೇ ಕಥೆ ಹೇಳುವಂತೆ ಮಾಡಿದಾಗ ಮಕ್ಕಳ ಮಾತು ಗಮನಾರ್ಹವಾಗಿ ಬೆಳೆದದ್ದು ಅದರಲ್ಲಿ ಕಂಡುಬಂತು. ಮಗು ‘ನಾಯಿ ಓಡಿತು’ ಎಂದರೆ ನೀವು ‘ಹೌದು, ಹೆದರಿದ ನಾಯಿ ಪೊದೆಯ ಹಿಂದಕ್ಕೆ ಓಡಿತು, ಏಕೆ ಹೆದರಿತು?’ ಎನ್ನಬಹುದು. ಹೌದು ಅಥವಾ ಇಲ್ಲ ಎಂದು ಮುಗಿದುಹೋಗುವ ಪ್ರಶ್ನೆಗಳನ್ನು ಕಡಿಮೆ ಮಾಡಿ. ಪ್ರಶ್ನೆ ಕೇಳಿದ ಮೇಲೆ ತಾಳ್ಮೆಯಿಂದ ಕಾಯಿರಿ. ಚಿಕ್ಕ ಮಕ್ಕಳಿಗೆ ಮಾತನ್ನು ಜೋಡಿಸಿಕೊಳ್ಳಲು ನಾವು ಸಾಮಾನ್ಯವಾಗಿ ಕೊಡುವುದಕ್ಕಿಂತ ಹೆಚ್ಚಿನ ಸಮಯ ಬೇಕು.

ಇನ್ನು ಆ ಹುಡುಗ. ಮಿಲ್ಡ್ರೆಡ್ ಪಾರ್ಟನ್ 1932ರಲ್ಲಿ ಶಿಶುವಿಹಾರದ ಮಕ್ಕಳ ಆಟವನ್ನು ವಿಂಗಡಿಸಿದಾಗ, ಒಂಟಿಯಾಗಿ ಆಡುವುದು, ಅಕ್ಕಪಕ್ಕ ಕುಳಿತು ತಮ್ಮ ಪಾಡಿಗೆ ತಾವು ಆಡುವುದು, ಕೂಡಿ ಆಡುವುದು ಎಂಬಿವುಗಳ ಜೊತೆಗೆ ಇತರರ ಆಟವನ್ನು ಹತ್ತಿರ ನಿಂತು ನೋಡುವುದನ್ನೂ ಒಂದು ಪ್ರತ್ಯೇಕ ಬಗೆಯಾಗಿ ಗುರುತಿಸಿದರು. ಮನೆಯಾಟಕ್ಕೆ ಸೇರುವುದು ದೊಡ್ಡವರು ತಿಳಿದಷ್ಟು ಸುಲಭವಲ್ಲ. ಯಾರು ತಾಯಿ, ಯಾರು ವೈದ್ಯರು, ಕಡ್ಡಿಯೊಂದು ಈಗ ಚಮಚವೋ ಥರ್ಮಾಮೀಟರೋ ಎಂಬ ಒಪ್ಪಂದಗಳೆಲ್ಲ ಬಾಯಿಮಾತಿನಲ್ಲಿ ಕ್ಷಣಕ್ಷಣಕ್ಕೂ ಬದಲಾಗುತ್ತಿರುತ್ತವೆ, ಮತ್ತು ಪಾತ್ರ ವಹಿಸಿದ ಮಗು ತನಗೆ ಮನಸ್ಸಾದದ್ದನ್ನು ಮಾಡದೆ ಪಾತ್ರಕ್ಕೆ ಒಪ್ಪುವುದನ್ನೇ ಮಾಡಬೇಕಾಗುತ್ತದೆ. ಈ ವಯಸ್ಸಿನ ಮಕ್ಕಳು ತಮ್ಮನ್ನು ತಾವು ಹಿಡಿತದಲ್ಲಿಟ್ಟುಕೊಳ್ಳಲು ಅಭ್ಯಾಸ ಮಾಡುವುದು ಇಂಥ ಆಟದಲ್ಲಿಯೇ ಎಂದು ರಷ್ಯಾದ ಮನೋವಿಜ್ಞಾನಿ ಲೆವ್ ವೈಗಾಟ್‌ಸ್ಕಿ ವಿವರಿಸಿದ್ದಾರೆ. ನಿಂತು ನೋಡುತ್ತಿರುವ ಹುಡುಗ ಈ ನಿಯಮಗಳನ್ನು ಅರಿಯುತ್ತಿರಬಹುದು.

ಆದ್ದರಿಂದ ಕೈಹಿಡಿದು ಎಳೆಯಬೇಡಿ. ಎಲ್ಲರೆದುರು ‘ಇವನನ್ನೂ ಸೇರಿಸಿಕೊಳ್ಳಿ’ ಎಂದು ಆಜ್ಞಾಪಿಸಲೂಬೇಡಿ, ಅದರಿಂದ ಇಬ್ಬರಿಗೂ ಇರಿಸುಮುರಿಸಾಗುತ್ತದೆ. ನೀವೇ ಆಟದೊಳಗೆ ಒಂದು ಚಿಕ್ಕ ಪಾತ್ರವಾಗಿ ಹೋಗಿ. ವೈದ್ಯರ ಆಟ ನಡೆಯುತ್ತಿದ್ದರೆ ನೀವು ರೋಗಿಯಾಗಿ ಕುಳಿತು, ‘ನನ್ನ ಹೆಸರನ್ನು ಬರೆದುಕೊಳ್ಳುವವರು ಯಾರು?’ ಎಂದು ಕೇಳಿ ಒಂದು ಕಾಗದ ಮತ್ತು ಕ್ರೇಯಾನನ್ನು ಅವನ ಕಡೆಗೆ ಚಾಚಿ. ಮಾತು ಹೆಚ್ಚಾಗಿ ಬೇಡದ, ಆದರೆ ಆಟಕ್ಕೆ ಬೇಕೇ ಬೇಕಾದ ಕೆಲಸ ಅದು. ತೆಗೆದುಕೊಂಡರೆ ಸರಿ, ಇಲ್ಲವಾದರೆ ಒತ್ತಾಯಿಸದೆ ಮುಂದುವರಿಯಿರಿ. ಅವನು ದಿನದಲ್ಲಿ ಯಾವ ಸಾಮಗ್ರಿಯ ಬಳಿ ಹೆಚ್ಚು ಹೊತ್ತು ಇರುತ್ತಾನೆ, ಯಾವ ಮಗುವಿನ ಹತ್ತಿರ ಕೂರುತ್ತಾನೆ, ಹಾಡು-ಕಥೆಗಳ ಹೊತ್ತಿನಲ್ಲಿ ಸ್ಪಂದಿಸುತ್ತಾನೆಯೇ, ಹೆಸರು ಕರೆದರೆ ತಿರುಗುತ್ತಾನೆಯೇ, ಮನೆಯಲ್ಲಿ ಹೇಗಿರುತ್ತಾನೆ ಎಂಬುದನ್ನು ದಿನಾಂಕದೊಡನೆ ಬರೆದಿಡಿ. ಕೆಲವು ವಾರಗಳ ಬರಹದಲ್ಲಿ ಅವನು ನಿಲ್ಲುವ ದೂರ ಕಡಿಮೆಯಾಗುತ್ತಿರುವುದು ಕಂಡರೆ ನಿಶ್ಚಿಂತೆಯಿಂದಿರಿ. ಯಾವ ಬದಲಾವಣೆಯೂ ಕಾಣದೆ, ಕರೆದರೂ ತಿರುಗದಿರುವುದು ಅಥವಾ ಮಾತು ತೀರಾ ಕಡಿಮೆ ಇರುವುದು ಕಂಡುಬಂದರೆ, ಪಾಲಕರೊಡನೆ ಆ ಬರಹವನ್ನು ಮುಂದಿಟ್ಟುಕೊಂಡೇ ಮಾತನಾಡಿ, ಮೊದಲು ಶ್ರವಣ ಪರೀಕ್ಷೆ ಮಾಡಿಸಲು ಹೇಳಿ. ಕಿವಿಯ ತೊಂದರೆಯಿರುವ ಮಗು ಅನೇಕ ವೇಳೆ ಹೊರಗಿನವರಿಗೆ ನಾಚಿಕೆಯ ಮಗುವಿನಂತೆಯೇ ಕಾಣುತ್ತದೆ.